ಉಡುಪಿ ಸೀಮೆಯ ಸೌದೆಯ ಇತಿಹಾಸ

ಆಶ್ವಯುಜ ಕೃಷ್ಣ ತ್ರಯೋದಶಿಯ ಸಂಜೆ ಕರಾವಳಿಯ ಮನೆಗಳಲ್ಲಿ ನೀರು ತುಂಬುವ ಹಬ್ಬವೆಂಬುದೊಂದು ನಡೆಯುವುದು. ಬಚ್ಚಲ ಹಂಡೆಯನ್ನು ಹುಣಸೆಹುಳಿಯಿಂದ ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ, ಬಾವಿಯಿಂದ ಸೇದಿದ ನೀರನ್ನು ತುಂಬಿಸಿಡುವರು. ಮರುದಿನ ನರಕ ಚತುರ್ದಶಿ; ಸೂರ್ಯನು ಮೂಡುವುದಕ್ಕೆ ಮೊದಲೇ ಮನೆಯವರೆಲ್ಲರ ಅಭ್ಯಂಜನವಾಗಬೇಕು. ಆ ಹೊತ್ತಿಗೆ ಹಂಡೆಯ ನೀರು ಬಿಸಿಯಾಗಿರಬೇಕಾದರೆ, ಮಲಗುವ ಮುನ್ನ ಒಲೆಗೆ ದೂಡಿದ ಕೊರಡು ಇರುಳೆಲ್ಲ ಕನಲುತ್ತಿರಬೇಕು. ಅಂತಹ ಕೊರಡು ಯಾವ ಮರದ್ದು? ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಉಡುಪಿಯಲ್ಲಾಗಲಿ, ಅದರ ಮಗ್ಗುಲಿನ ಅಂಬಲಪಾಡಿಯಲ್ಲಾಗಲಿ, ಒಂದು ಮನೆಯ ಒಲೆಗೆ ಯಾವ ಕಾಲದಲ್ಲಿ ಯಾವ ಮರ ಬಂದಿತೆಂಬುದನ್ನು ಕೇಳುತ್ತ ಹೋದರೆ, ಈ ಸೀಮೆಯ ಕಾಡು, ಕಾಯಿದೆ ಮತ್ತು ಒಕ್ಕಲುತನಗಳ ಚರಿತ್ರೆಯೇ ತೆರೆದುಕೊಳ್ಳುವುದು.

ಮೊದಲು ಮರದ ಗುಣವನ್ನು ನೋಡಬೇಕು. ಚೆನ್ನಾಗಿ ಒಣಗಿದ ಮರವೆಲ್ಲವೂ ತೂಕಕ್ಕೆ ತೂಕ ಹೆಚ್ಚುಕಡಿಮೆ ಒಂದೇ ಪ್ರಮಾಣದ ಶಾಖವನ್ನು ಕೊಡುತ್ತದೆ. ಭೇದವಿರುವುದು ಸಾಂದ್ರತೆಯಲ್ಲಿ. ಒಂದೇ ಗಾತ್ರದ ಎರಡು ತುಂಡುಗಳನ್ನು ತೂಗಿದರೆ ಬೂರುಗದ ತುಂಡು ಜಂಬೆಯ ತುಂಡಿನ ಅರ್ಧದಷ್ಟೂ ತೂಗದು. ಹಗುರವಾದ ಮರ ಬೇಗನೆ ಹತ್ತಿ, ಜ್ವಾಲೆಯೆದ್ದು, ಕೆಂಡವನ್ನುಳಿಸದೆ ಬೂದಿಯಾಗುವುದು. ಭಾರವಾದ ಮರ ತಡವಾಗಿ ಹತ್ತಿ, ಗಟ್ಟಿಯಾದ ಕೆಂಡವಾಗಿ ಬಹಳ ಹೊತ್ತು ನಿಲ್ಲುವುದು. ಆದುದರಿಂದ ಬೂರುಗ, ಹಾಲೆ ಮುಂತಾದುವು ಇರುಳ ಒಲೆಗೆ ಸಲ್ಲವು. ಮತ್ತಿ, ಕಿಂದಳ, ಜಂಬೆ, ಬೋಗಿ, ಹುಣಸೆ ಇವು ಸಲ್ಲುವುವು. ತೆಂಗಿನ ಮಡಲು, ಕೊತ್ತಳಿಗೆ, ಗೆರಟೆಗಳು ಬೆಂಕಿ ಹೊತ್ತಿಸುವುದಕ್ಕೆ ಒಳ್ಳೆಯವು, ಕಾಯುವುದಕ್ಕಲ್ಲ. ಚೇರು ಮರವನ್ನು ತಿಳಿದವರು ಒಲೆಯ ಬಳಿಗೇ ತರುವುದಿಲ್ಲ. ಅದರ ಹೊಗೆ ಸೋಕಿದರೆ ಮೈ ಬಾಯುವುದು.

ಜಾತಿಯೆಷ್ಟು ಮುಖ್ಯವೋ ಒಣಗಿಸುವುದೂ ಅಷ್ಟೇ ಮುಖ್ಯ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಆ ನೀರನ್ನು ಆವಿಯಾಗಿಸುವುದರಲ್ಲಿಯೇ ಬೆಂಕಿಯ ಶಕ್ತಿ ವ್ಯಯವಾಗಿ, ಮನೆಯ ತುಂಬ ಹೊಗೆ ಕವಿಯುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಎಡೆಬಿಡದೆ ಮಳೆ ಸುರಿಯುವ ಈ ನಾಡಿನಲ್ಲಿ, ಮಳೆಗಾಲದ ಸೌದೆಯನ್ನು ಬೇಸಗೆಯಲ್ಲಿಯೇ ಸೀಳಿ, ಒಣಗಿಸಿ, ಕೊಟ್ಟಿಗೆಗೆ ಸೇರಿಸದ ಗೃಹಸ್ಥನು ಆಟಿಯ ತಿಂಗಳಿನಲ್ಲಿ ಪಶ್ಚಾತ್ತಾಪ ಪಡಬೇಕಾಗುತ್ತಿತ್ತು.

ಇರುಳ ಬೆಂಕಿಯ ಅಗತ್ಯ ಹಬ್ಬಕ್ಕೆ ಮಾತ್ರ ಮೀಸಲಾಗಿರಲಿಲ್ಲ. 19ನೆಯ ಶತಮಾನದಲ್ಲಿ ಯುರೋಪಿನಲ್ಲಿ ಹುಟ್ಟಿದ ಬೆಂಕಿಕಡ್ಡಿ ಇಲ್ಲಿಯ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವುದಕ್ಕೆ ಮೊದಲು, ನಂದಿದ ಒಲೆಯೆಂದರೆ ನೆರೆಮನೆಗೆ ಗೆರಟೆ ಹಿಡಿದುಕೊಂಡು ಕೆಂಡ ಬೇಡಲು ಹೋಗುವ ಕೆಲಸ. ಆದುದರಿಂದ ರಾತ್ರಿ ಅಡುಗೆ ಮುಗಿದ ಬಳಿಕ ಗೃಹಿಣಿಯು ಗಟ್ಟಿಮರದ ಕೆಂಡಗಳನ್ನು ಒಟ್ಟುಗೂಡಿಸಿ ಬೂದಿಯಿಂದ ಮುಚ್ಚುವಳು. ಗಾಳಿ ಸಾಕಷ್ಟು ದೊರೆಯದ ಕೆಂಡ ಮೆಲ್ಲನೆ ಸವೆಯುತ್ತ ಬೆಳಗಿನವರೆಗೂ ಜೀವ ಹಿಡಿದಿರುವುದು. ಬೂದಿ ಮುಚ್ಚಿದ ಕೆಂಡವೆಂಬ ನುಡಿ ಈಗ ಅಡಗಿದ ಕೋಪಕ್ಕೆ ಸಲ್ಲುತ್ತಿದೆ. ಪೂರ್ವದಲ್ಲಿ ಅದು ಪ್ರತಿರಾತ್ರಿಯ ಮನೆವಾರ್ತೆಯಾಗಿತ್ತು. ಬಾಣಂತಿಯ ಮನೆಯಲ್ಲಿಯಂತೂ ಬಚ್ಚಲ ಒಲೆ ಆರುವಂತೆಯೇ ಇರಲಿಲ್ಲ.

ಇನ್ನು ಆ ಗಟ್ಟಿಮರ ಎಲ್ಲಿಂದ ಬರುತ್ತಿತ್ತು? ಕಡಲಿಗೂ ಘಟ್ಟಕ್ಕೂ ನಡುವಣ ಮುರಕಲ್ಲಿನ ಗುಡ್ಡಗಳಲ್ಲಿಯೂ, ಕಾರ್ಕಳದಿಂದ ಮೂಡಲಿಗೆ ಏರುವ ಕಾಡುಗಳಲ್ಲಿಯೂ ಈ ಜಾತಿಗಳು ಬೆಳೆಯುತ್ತಿದ್ದುವು. 1799ರಲ್ಲಿ ಟೀಪೂ ಸುಲ್ತಾನನು ಮಡಿದ ಮೇಲೆ ಕನ್ನಡ ಜಿಲ್ಲೆಯು ಇಂಗ್ಲಿಷರ ವಶವಾಯಿತು. 1856ರಲ್ಲಿ ಮದರಾಸು ಸರಕಾರವು ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯನನ್ನು ಅರಣ್ಯಗಳ ಸಂರಕ್ಷಕನನ್ನಾಗಿ ನೇಮಿಸಿತು. 1860ರಲ್ಲಿ, ಕಾಡನ್ನು ಕಡಿದು ಸುಟ್ಟು ಬಿತ್ತುವ ಕುಮೇರಿ ಬೇಸಾಯಕ್ಕೆ ಅಪ್ಪಣೆಯಿಲ್ಲದೆ ಅವಕಾಶವಿಲ್ಲವೆಂದಾಯಿತು. 1882ರಲ್ಲಿ ಮದರಾಸು ಅರಣ್ಯ ಶಾಸನ ಬಂದಿತು. ಅಲ್ಲಿಂದ ಮುಂದೆ ಕಾಯ್ದಿಟ್ಟ ಕಾಡಿನೊಳಗಿನ ಮರ ಸರಕಾರದ ಸ್ವತ್ತು. ಅಪ್ಪಣೆಯಿಲ್ಲದೆ ಕೊಡಲಿಯಿಡುವುದು ಅಪರಾಧ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಇರುಳೆಲ್ಲ ಕೆಂಡವಾಗಿ ನಿಲ್ಲುವ ಗುಣ ಯಾವುದರಿಂದ ಬರುವುದೋ, ಆ ಗಡುಸೇ ತೊಲೆಗೂ ದೋಣಿಗೂ ರೈಲುಹಾದಿಯ ಅಡ್ಡಪಟ್ಟಿಗೂ ಬೇಕಾದುದು. ಮತ್ತಿ, ಜಂಬೆ, ಬೋಗಿಗಳನ್ನು ಒಲೆಯು ಮೆಚ್ಚಿದಂತೆ ಮೋಪಿನ ವ್ಯಾಪಾರವೂ ಮೆಚ್ಚಿತು. ಕಾಯಿದೆಯು ಮರವನ್ನು ಅಳೆದದ್ದು ಮೋಪಿನ ಬೆಲೆಯಿಂದ; ಒಲೆಯ ಮುಂದೆ ಕುಳಿತವಳ ಅಳತೆಯನ್ನು ಯಾರೂ ಕೇಳಲಿಲ್ಲ. ಹೀಗೆ ಅತ್ಯುತ್ತಮವಾದ ಸೌದೆಯೇ ಸಾಮಾನ್ಯರ ಕೈಗೆ ಎಟುಕದುದಾಯಿತು.

ಒಂದು ಬಾಗಿಲು ಮಾತ್ರ ತೆರೆದಿತ್ತು. ಅದೇ ಕುಮ್ಕಿ. ಕಟ್ಟಲೆ ವರ್ಗದ ಭೂಮಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ, ವರ್ಗದಾರನು ಬೇಸಾಯಕ್ಕೂ ಮನೆಖರ್ಚಿಗೂ ಬೇಕಾದ ಸೊಪ್ಪು, ತರಗೆಲೆ, ಸೌದೆ, ಮರಗಳನ್ನು ಪಡೆಯಬಹುದೆಂಬ ಸವಲತ್ತು ಇದು. 1964ರ ಕರ್ನಾಟಕ ಭೂಕಂದಾಯ ಶಾಸನದ 79ನೆಯ ಪ್ರಕರಣವೂ ಇದನ್ನು ಉಳಿಸಿಕೊಂಡಿದೆ. ಆದರೆ ವರ್ಗವಿದ್ದವನಿಗೆ ಕುಮ್ಕಿ. ಅವನ ಗದ್ದೆಯನ್ನು ಚಾಲಗೇಣಿಗೆ ಮಾಡುತ್ತಿದ್ದ ಒಕ್ಕಲಿಗೆ ಧಣಿಯ ದಾಕ್ಷಿಣ್ಯವೇ ಗತಿ. ಗದ್ದೆಯೇ ಇಲ್ಲದ ಕೂಲಿಯವನಿಗೆ ದಾರಿಯ ಬದಿಯ ಚುಳ್ಳಿ. ಹೀಗಿರಲು, ಒಂದೇ ಊರಿನ ಮೂರು ಮನೆಗಳ ಹೊಗೆಯಲ್ಲಿ ಮೂರು ಅಂತಸ್ತುಗಳನ್ನು ಗುರುತಿಸಬಹುದಾಗಿತ್ತು.

ಇದೇ ಕಾಲದಲ್ಲಿ ಸೌದೆಗೆ ಹೊಸ ಗಿರಾಕಿಗಳೂ ಹುಟ್ಟಿದರು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವನು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು; ಮುಂದೆ ಕರಾವಳಿಯಲ್ಲಿ ಅಂತಹವು ಹಲವು ಎದ್ದುವು. ಹಂಚಿನ ಭಟ್ಟಿಯ ಹಸಿವು ಮನೆಯ ಒಲೆಯ ಹಸಿವಿನಂತಲ್ಲ. ಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂದುದು ಊರಿಗೆ ಶ್ರೇಯಸ್ಕರವೇ ಸರಿ. ಆದರೆ ಆ ಹಂಚೊಂದೊಂದೂ ಸೌದೆಯಿಂದ ಬೆಂದುದೆಂಬುದನ್ನು ಮರೆಯಲಾಗದು.

ಕೊರತೆಗೆ ಉತ್ತರವಾಗಿ ಬಂದುದು ಗಾಳಿಮರ. ಆಗ್ನೇಯ ಏಷ್ಯ ಹಾಗೂ ಆಸ್ಟ್ರೇಲಿಯದ ಕಡಲಕರೆಯ ಈ ಮರವನ್ನು 1868ರಲ್ಲಿ ಕಾರವಾರದ ಮಳಲಿನಲ್ಲಿ ಸೌದೆಗಾಗಿ ನೆಟ್ಟರು. ಬೇರೇನೂ ಬೆಳೆಯದ ಉಪ್ಪುಮಳಲಿನಲ್ಲಿ ಅದು ಬೇಗನೆ ಬೆಳೆಯುವುದು; ಮರ ಭಾರ, ಕೆಂಡ ಗಟ್ಟಿ; ಹಸಿಯಾಗಿಯೂ ಉರಿಯಬಲ್ಲುದು. ಜಂಬೆ ಮತ್ತಿಗಳನ್ನು ಕಳೆದುಕೊಂಡ ಒಲೆಗೆ ಇದಕ್ಕಿಂತ ಒಳ್ಳೆಯ ಬದಲಿ ದೊರೆಯಲಿಲ್ಲ. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರುಮರವೂ ಗುಡ್ಡಗಳಲ್ಲಿ ಹಬ್ಬಿ, ಕೊಂಬೆಗಳನ್ನು ಒಲೆಗೆ ಒದಗಿಸಿತು. ಆದರೆ ಅದು ಜಂಬೆಯಷ್ಟು ಹೊತ್ತು ಕಾಯದು.

ಮನೆಗಳಲ್ಲಿ ಹೀಗೆ ಸದ್ದಿಲ್ಲದೆ ಮಾರ್ಪಟ್ಟ ಸೌದೆಯ ವಿಚಾರ ಉಡುಪಿಯಲ್ಲಿ ಒಂದೆಡೆ ಮಾತ್ರ ಸಾರ್ವಜನಿಕವಾಗಿ ಪೂಜ್ಯವಾಗಿ ಉಳಿದಿದೆ. ಅಷ್ಟಮಠಗಳ ಎರಡು ತಿಂಗಳಿನ ಪರ್ಯಾಯವನ್ನು ಶ್ರೀ ವಾದಿರಾಜರು 1522ರಲ್ಲಿ ಎರಡು ವರ್ಷದ್ದನ್ನಾಗಿ ಮಾರ್ಪಡಿಸಿದರೆಂಬುದು ಪ್ರಸಿದ್ಧವಾಗಿದೆ. ಪರ್ಯಾಯವನ್ನು ಕೈಗೊಳ್ಳಲಿರುವ ಮಠವು ಮೊದಲೇ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತಗಳ ನಾಲ್ಕು ಮುಹೂರ್ತಗಳನ್ನು ನಡೆಸುವುದು. ಕಟ್ಟಿಗೆ ಮುಹೂರ್ತದಲ್ಲಿ ಸೌದೆಯನ್ನು ಮೆರವಣಿಗೆಯಲ್ಲಿ ತಂದು, ಮಧ್ವಸರೋವರದ ಬಳಿ ರಥದ ಆಕಾರದಲ್ಲಿ ಒಟ್ಟುವರು. ಎರಡು ವರ್ಷ ಅನ್ನದಾನ ಮಾಡಹೊರಟವನು ಅಕ್ಕಿಯೊಂದನ್ನೇ ಲೆಕ್ಕ ಹಾಕಿದರೆ ಸಾಲದು, ಉರಿಯನ್ನೂ ಲೆಕ್ಕ ಹಾಕಬೇಕು. ಅದನ್ನು ತಿಂಗಳುಗಳ ಮುಂಚೆಯೇ ಕೂಡಿಸಬೇಕು. ಬೇಸಗೆಯಲ್ಲಿ ಕೊಟ್ಟಿಗೆ ತುಂಬಿಸುತ್ತಿದ್ದ ಗೃಹಸ್ಥನ ವಿವೇಕವೇ ಇಲ್ಲಿ ರಥವಾಗಿ ನಿಂತಿದೆ.

ಈಗ ಅಡುಗೆಮನೆಗಳಿಗೆ ಅನಿಲ ಬಂದಿದೆ. ಬಚ್ಚಲಿಗೆ ವಿದ್ಯುತ್ತು ಮತ್ತು ಸೂರ್ಯನ ಶಾಖಗಳು ಬಂದಿವೆ. ಹೊಗೆಯಿಂದ ಕಣ್ಣು, ಶ್ವಾಸಕೋಶಗಳನ್ನು ಕೆಡಿಸಿಕೊಂಡ ತಲೆಮಾರುಗಳ ಹೆಂಗಸರನ್ನು ನೆನೆದರೆ ಹಳೆಯ ಒಲೆಗಾಗಿ ಹಲುಬುವುದು ಯೋಗ್ಯವಲ್ಲ. ಆದರೆ ಆ ಹೆಂಗಸರಿಗೆ ಕೈಯಲ್ಲಿ ಎತ್ತಿದೊಡನೆ ಮರದ ಜಾತಿ ತಿಳಿಯುತ್ತಿತ್ತು; ಎರಡು ತುಂಡುಗಳನ್ನು ಬಡಿದ ಸದ್ದಿನಿಂದ ಒಣಗಿತೋ ಇಲ್ಲವೋ ತಿಳಿಯುತ್ತಿತ್ತು. ಅರಣ್ಯ ಶಾಸನಗಳಲ್ಲಿಯೂ ಮೋಪಿನ ಲೆಕ್ಕಗಳಲ್ಲಿಯೂ ಈ ವಿದ್ಯೆಗೆ ಸ್ಥಳವಿರಲಿಲ್ಲ. ಬಚ್ಚಲ ಒಲೆಯನ್ನು ಇನ್ನೂ ಉಳಿಸಿಕೊಂಡ ಮನೆಗಳಲ್ಲಿ ನೀರು ತುಂಬುವ ಹಬ್ಬದ ರಾತ್ರಿ ಹಿರಿಯಳೊಬ್ಬಳು ರಾಶಿಯಿಂದ ಒಂದು ಕೊರಡನ್ನು ಆರಿಸಿ ಬದಿಗಿಡುವಳು. ಅದೇ ಏಕೆಂದು ಕೇಳಿ ಬರೆದಿಡುವುದು ಕಿರಿಯರಿಗೆ ಒಂದು ಸಂಜೆಯ ಕೆಲಸ.