ಉತ್ತರ ಕೊಂಕಣದ ಮಳೆನೀರು: ಪೊಢಿಯಿಂದ ಮೋರಿಯವರೆಗೆ

ಕನ್ನಡ ಸಾಹಿತ್ಯ ಚರಿತ್ರೆಯ ಅಭ್ಯಾಸಿಗಳಿಗೆ ಠಾಣೆಯ ಸೀಮೆ ತೀರ ಅಪರಿಚಿತವಾದುದಲ್ಲ. ಸ್ಥಾನಕವೆಂದು ಶಾಸನಗಳಲ್ಲಿ ಉಕ್ತವಾಗಿರುವ ಈ ನಗರದಿಂದ ಆಳಿದ ಶಿಲಾಹಾರರು ಮೊದಲು ರಾಷ್ಟ್ರಕೂಟರ ಮಾಂಡಲಿಕರಾಗಿದ್ದರು. ಅವರ ಸಂಸ್ಕೃತ ಶಾಸನಗಳ ನಡುವೆ 'ಗಂಡರಗಂಡ', 'ನನ್ನಿಯ ಸಮುದ್ರ' ಮೊದಲಾದ ಅಚ್ಚಗನ್ನಡ ಬಿರುದುಗಳು ಕಾಣಿಸಿಕೊಳ್ಳುತ್ತವೆ. ಆದರೆ ಈ ಪ್ರದೇಶದ ಜಲವ್ಯವಸ್ಥೆಯ ಇತಿಹಾಸದ ಕಡೆಗೆ ನಮ್ಮ ವಿದ್ವಾಂಸರ ಗಮನ ಸಾಕಷ್ಟು ಹರಿದಿಲ್ಲ. ಮಳೆನೀರನ್ನು ಶುಚಿಯಾಗಿ ಕಾಯುವುದರಲ್ಲಿ ನಿವಾಸಿಗಳ ಪಾತ್ರವೇನಿತ್ತು, ಇಂದು ಏನಿರಬೇಕು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲ ಸಾಕ್ಷ್ಯ ಕನ್ಹೇರಿಯದು. ಅಮೋಘವರ್ಷನ ಕಾಲದ ಶಾಸನಗಳಿಂದಾಗಿ ಕನ್ನಡಿಗರಿಗೆ ಪರಿಚಿತವಾದ ಈ ಗುಹಾಸಮುಚ್ಚಯದಲ್ಲಿ, ಬಂಡೆಯ ಮೇಲೆ ಬಿದ್ದ ನೀರನ್ನು ಕಿರುಗಾಲುವೆಗಳ ಮೂಲಕ ತೊಟ್ಟಿಗಳಿಗೆ ಹಾಯಿಸುವ ಏರ್ಪಾಡಿದೆ. ಅಲ್ಲಿನ ಬ್ರಾಹ್ಮೀ ಲಿಪಿಯ ಶಾಸನವೊಂದು, ಕಲ್ಯಾಣದ ಸಮಿದತ್ತನೆಂಬ ಅಕ್ಕಸಾಲಿಗನು ಒಂದು 'ಪೊಢಿ'ಯನ್ನು, ಎಂದರೆ ನೀರಿನ ತೊಟ್ಟಿಯನ್ನು, ದಾನವಿತ್ತುದನ್ನು ತಿಳಿಸುತ್ತದೆ. ಈ ಕಲ್ಯಾಣ ಚಾಳುಕ್ಯರ ರಾಜಧಾನಿಯಲ್ಲ. ಇಂದಿನ ಠಾಣೆ ಜಿಲ್ಲೆಯ ಕಲ್ಯಾಣ. ದಾನಿ ಅರಸನಲ್ಲ, ಅಧಿಕಾರಿಯಲ್ಲ, ಊರಿನ ಒಬ್ಬ ಕಸುಬುದಾರ ಎಂಬುದು ಗಮನಾರ್ಹ.

ಎರಡನೆಯ ಸಾಕ್ಷ್ಯ ಅಂಬರನಾಥದ ಶಿವಾಲಯ. ಶಕ 982ರ, ಎಂದರೆ ಕ್ರಿ.ಶ. 1060ರ, ಶಾಸನವುಳ್ಳ ಈ ದೇಗುಲ ಶಿಲಾಹಾರ ಮುಮ್ಮುಣಿಯ ಕಾಲದ್ದು. ವಾಲಧುನಿ ಹೊಳೆಯ ದಂಡೆಯ ಮೇಲಿದೆ. ದೇವರ ಸನ್ನಿಧಿಯ ಹೊಳೆಯೆಂದು ಬಗೆಯಲಾಗುತ್ತಿದ್ದ ಈ ವಾಲಧುನಿ ಅಂಬರನಾಥ, ಉಲ್ಹಾಸನಗರ, ಕಲ್ಯಾಣಗಳನ್ನು ಹಾದು ಉಲ್ಹಾಸ್ ನದಿಯ ಖಾಡಿಯನ್ನು ಸೇರುವಷ್ಟರಲ್ಲಿ ಇಂದು ಕೊಳಚೆಯ ಕಾಲುವೆಯಾಗಿರುತ್ತದೆ. ಇದಕ್ಕೆ ಕಾರ್ಖಾನೆಗಳ ತ್ಯಾಜ್ಯ ಮುಖ್ಯ ಕಾರಣವೆಂಬುದು ನಿರ್ವಿವಾದ. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಕೈಗಾರಿಕಾ ವಸಾಹತಿನ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಈ ಮಾತಿಗೆ ನಿದರ್ಶನ. ಆದರೆ ಕಾರ್ಖಾನೆಯತ್ತ ಬೆರಳು ತೋರಿಸುವುದರಿಂದ ಗೃಹಸ್ಥನ ಹೊಣೆ ತೀರುವುದಿಲ್ಲ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಮನೆಯ ಬಚ್ಚಲು, ಶೌಚಗಳ ನೀರು ಶುದ್ಧೀಕರಣ ಕೇಂದ್ರಕ್ಕೆ ಹೋಗಬೇಕಾದದ್ದು. ಬೀದಿಬದಿಯ ಮಳೆನೀರ ಮೋರಿ ಮಾತ್ರ ಯಾವ ಶೋಧನೆಯೂ ಇಲ್ಲದೆ ನೇರವಾಗಿ ಹೊಳೆಗೆ ಅಥವಾ ಖಾಡಿಗೆ ಸೇರುತ್ತದೆ. ಅಂಗಳದಲ್ಲಿ ವಾಹನ ತೊಳೆದ ಸಾಬೂನು ನೀರು, ಚೆಲ್ಲಿದ ಎಣ್ಣೆ, ಕಟ್ಟಡದ ಮರಳು, ಪ್ಲಾಸ್ಟಿಕ್ ಚೀಲ, ಸಾಕುನಾಯಿಯ ಮಲ, ಇವೆಲ್ಲ ಜೂನ್ ತಿಂಗಳ ಮೊದಲ ಮಳೆಗೆ ಒಮ್ಮೆಲೆ ಕೊಚ್ಚಿಹೋಗುತ್ತವೆ.

ನವಿ ಮುಂಬಯಿಯಲ್ಲಿ ಈ ಸಂಬಂಧ ಇನ್ನಷ್ಟು ನಿಕಟವಾದುದು. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆ, ಭರತದ ಮಟ್ಟಕ್ಕಿಂತ ತಗ್ಗಾದ ನೆಲದಲ್ಲಿ ನಗರವನ್ನು ಕಟ್ಟುವಾಗ ಡಚ್ ಪದ್ಧತಿಯ ಸಂಗ್ರಹ ಕೊಳಗಳನ್ನು ಯೋಜಿಸಿತು. ಭರತದ ವೇಳೆ ಮಳೆನೀರು ಕೊಳದಲ್ಲಿ ನಿಲ್ಲುತ್ತದೆ. ಇಳಿತವಾದಾಗ ಬಾಗಿಲು ತೆರೆದು ಖಾಡಿಗೆ ಹರಿಯುತ್ತದೆ. ಮೋರಿಗೆ ಎಸೆದ ಕಸವೂ ಹೂಳೂ ಈ ಕೊಳಗಳಲ್ಲಿ ತಂಗಿದಷ್ಟೂ ನೀರಿಗೆ ಎಡೆ ಕಡಿಮೆಯಾಗುತ್ತದೆ. ಹೊರಗೆ ಹೋಗದ ನೀರು ಎಸೆದವನ ಬೀದಿಗೇ ಮರಳುತ್ತದೆ. ಹೊರಗೆ ಹೋದುದು ತಲಪುವುದು 2022ರಲ್ಲಿ ರಾಮ್ಸರ್ ತಾಣವೆಂದು ಮಾನ್ಯವಾದ, ರಾಜಹಂಸಗಳು ಬರುವ ಠಾಣೆ ಖಾಡಿಯನ್ನು.

ಹಾಗಾದರೆ ನಿವಾಸಿ ಮಾಡಬಹುದಾದುದೇನು? ಬೇಸಗೆಯ ಕೊನೆಗೆ ವಠಾರದ ಮೋರಿಯ ಬಾಯಿಯಿಂದ ಕಸ ತೆಗೆಯುವುದು, ಅಂಗಳವನ್ನು ನೀರಿನಿಂದಲ್ಲ, ಪೊರಕೆಯಿಂದ ಶುಚಿಗೊಳಿಸುವುದು, ಎಣ್ಣೆ-ಬಣ್ಣಗಳನ್ನು ಮೋರಿಗೆ ಸುರಿಯದಿರುವುದು, ಗಣೇಶ ವಿಸರ್ಜನೆಗೆ ಕೃತಕ ಕೊಳಗಳನ್ನು ಬಳಸುವುದು. ಠಾಣೆಯ ಕೆರೆಗಳ ರಕ್ಷಣೆಗಾಗಿ ಅಲ್ಲಿನ ಮಹಾನಗರಪಾಲಿಕೆ ಇಂಥ ಕೊಳಗಳನ್ನು ರೂಢಿಗೆ ತಂದಿದೆ.

ಇವು ಸಣ್ಣ ಕೆಲಸಗಳೆಂದು ತೋರಬಹುದು. ಕೆರೆ ಕಟ್ಟಿಸಿದವನಿಗೆ ಪುಣ್ಯವನ್ನೂ ಕೆಡಿಸಿದವನಿಗೆ ಪಾಪವನ್ನೂ ವಿಧಿಸಿದ ಕನ್ನಡ ಶಾಸನಗಳ ಪರಂಪರೆ ನೀರನ್ನು ರಾಜಕಾರ್ಯವೆಂದಷ್ಟೇ ಎಣಿಸಲಿಲ್ಲ. ಜೀವಿಕೆಗಾಗಿ ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ಕನ್ನಡಿಗರು ಆ ಪರಂಪರೆಯ ವಾರಸುದಾರರು. ಕಲ್ಯಾಣದ ಅಕ್ಕಸಾಲಿಗನಿಗೆ ತೊಟ್ಟಿ ಕೊರೆಯಿಸುವ ಹೊಣೆಯಿತ್ತು. ಅದೇ ಊರಿನ ಇಂದಿನ ನಿವಾಸಿಗೆ ಉಳಿದಿರುವುದು ಮೋರಿಯನ್ನು ಕೆಡಿಸದಿರುವ, ಅದಕ್ಕಿಂತ ಎಷ್ಟೋ ಹಗುರವಾದ, ಹೊಣೆ.