ಗಾಳಿಯಂತ್ರದ ಚರಿತ್ರೆ: ಸೀಸ್ತಾನದಿಂದ ಅಸ್ಕೋವ್‌ವರೆಗೆ

ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 164ನೆಯ ವಚನವು ಗಾಳಿಗಳ ಚಲನೆಯನ್ನೂ ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಎಣಿಸುತ್ತದೆ. ಆ ದೃಷ್ಟಾಂತವನ್ನು ಮನುಷ್ಯನು ಬುದ್ಧಿಯಿಂದ ಬಳಸಿಕೊಂಡ ಚರಿತ್ರೆ ದೀರ್ಘವಾದುದು. ಅದರ ಮೊದಲ ಪುಟಗಳಲ್ಲಿ ನಮ್ಮ ಪೂರ್ವಜರ ಹೆಸರಿದೆ. ಮುಂದಿನ ಪುಟಗಳಲ್ಲಿ ಅದು ಏಕೆ ವಿರಳವಾಯಿತು ಎಂಬುದೂ ನಾವು ಯೋಚಿಸಬೇಕಾದ ವಿಷಯ.

ಇಂದಿನ ಇರಾನ್ ಮತ್ತು ಅಫ್ಘಾನಿಸ್ತಾನಗಳ ಗಡಿಯಲ್ಲಿರುವ ಸೀಸ್ತಾನ್ ಪ್ರದೇಶದಲ್ಲಿ ಬೇಸಿಗೆಯುದ್ದಕ್ಕೂ ಪ್ರಬಲವಾದ ಗಾಳಿ ಬೀಸುತ್ತದೆ. ಅದಕ್ಕೆ ‘ನೂರಿಪ್ಪತ್ತು ದಿನಗಳ ಗಾಳಿ’ ಎಂದೇ ಹೆಸರು. ಕ್ರಿ.ಶ. 10ನೆಯ ಶತಮಾನದ ಅಲ್ ಮಸ್‌ಊದಿ ಮತ್ತು ಅಲ್ ಇಸ್ತಖ್ರಿ ಅಲ್ಲಿನ ಗಾಳಿಯಂತ್ರಗಳನ್ನು ದಾಖಲಿಸಿದ್ದಾರೆ. ಎತ್ತರದ ಗೋಡೆಗಳ ನಡುವೆ ನೆಟ್ಟಗೆ ನಿಂತ ಅಚ್ಚು, ಅದರ ಸುತ್ತ ಹಾಯಿಗಳು, ಕೆಳಗೆ ಬೀಸುವ ಕಲ್ಲು. ಧಾನ್ಯ ಬೀಸುವುದಕ್ಕೂ ನೀರೆತ್ತುವುದಕ್ಕೂ ಗಾಳಿ ನೆರವಾಯಿತು. ಇರಾನಿನ ನಶ್ತಿಫಾನ್‌ನಲ್ಲಿ ಅಂತಹ ಯಂತ್ರಗಳು ಇಂದಿಗೂ ನಿಂತಿವೆ.

ಯುರೋಪಿನ ಗಾಳಿಯಂತ್ರವೂ ನಮ್ಮದೇ ಕೊಡುಗೆ ಎಂದು ವೇದಿಕೆಗಳಲ್ಲಿ ಹೇಳುವವರುಂಟು. ಆದರೆ 12ನೆಯ ಶತಮಾನದಲ್ಲಿ ಅಲ್ಲಿ ಕಾಣಿಸಿಕೊಂಡ ಯಂತ್ರದ ಅಚ್ಚು ಅಡ್ಡಲಾಗಿತ್ತು, ರಚನೆಯೇ ಬೇರೆ. ಒಂದರಿಂದ ಇನ್ನೊಂದು ಹುಟ್ಟಿತೆಂಬುದಕ್ಕೆ ದೃಢವಾದ ಸಾಕ್ಷ್ಯವಿಲ್ಲ. ಸತ್ಯವನ್ನು ಮೀರಿದ ಹೊಗಳಿಕೆಯಿಂದ ಹಿರಿಯರಿಗೆ ಗೌರವ ಸಲ್ಲದು.

ಗಾಳಿಯಿಂದ ವಿದ್ಯುತ್ತನ್ನು ಪಡೆಯುವ ಪ್ರಯತ್ನ 1887ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್, 1888ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಷ್ ಅವರಿಂದ ನಡೆಯಿತು. ಅದನ್ನು ಒಂದು ವಿದ್ಯೆಯಾಗಿ ಬೆಳೆಸಿದವರು ಡೆನ್ಮಾರ್ಕಿನ ಪೌಲ್ ಲಾ ಕೂರ್. ಅವರು ಅಸ್ಕೋವ್ ಎಂಬ ಹಳ್ಳಿಯ ವಿದ್ಯಾಲಯದಲ್ಲಿ ಅಧ್ಯಾಪಕರು. 1891ರಲ್ಲಿ ಅಲ್ಲಿ ಗಾಳಿಯಂತ್ರವನ್ನು ನಿರ್ಮಿಸಿ, ಅದರ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಪಡೆದ ಜಲಜನಕದಿಂದ ಶಾಲೆಗೆ ಬೆಳಕು ಕೊಟ್ಟರು. ಬಳಿಕ ಹಳ್ಳಿಯ ಯುವಕರಿಗೆ ವಿದ್ಯುತ್ ಕೆಲಸವನ್ನು ಕಲಿಸತೊಡಗಿದರು.

ಹಾಗೆ ಕಲಿತವರಲ್ಲಿ ಯೊಹಾನೆಸ್ ಯೂಲ್ ಒಬ್ಬರು. ಗೆಡ್ಸರ್‌ನಲ್ಲಿ 1957ರಲ್ಲಿ ಕಾರ್ಯಾರಂಭಿಸಿದ, 200 ಕಿಲೋವ್ಯಾಟ್ ಸಾಮರ್ಥ್ಯದ ಮೂರು ರೆಕ್ಕೆಗಳ ಯಂತ್ರ ಅವರದೇ ವಿನ್ಯಾಸ. ತೈಲ ಅಗ್ಗವಾಗಿದ್ದ ಆ ಕಾಲದಲ್ಲಿ, ಸುಮಾರು 10 ವರ್ಷ ದುಡಿದ ಮೇಲೆ ಅದನ್ನು ನಿಲ್ಲಿಸಲಾಯಿತು. 1973ರಲ್ಲಿ ತೈಲದ ಬಿಕ್ಕಟ್ಟು ಎದುರಾದಾಗ ಜಗತ್ತು ಮತ್ತೆ ಗಾಳಿಯತ್ತ ತಿರುಗಿತು. ಯೂಲರ ಯಂತ್ರವು ಹೊಸ ಪೀಳಿಗೆಗೆ ಪಾಠವಾಯಿತು. 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ 11 ಯಂತ್ರಗಳನ್ನು ಸಮುದ್ರದಲ್ಲೇ ನೆಡಲಾಯಿತು. ಇಂದು ಆ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯದು.

2000ದ ಕೊನೆಯಲ್ಲಿ ಜಗತ್ತಿನ ಪವನ ವಿದ್ಯುತ್ ಸಾಮರ್ಥ್ಯ ಸುಮಾರು 17,000 ಮೆಗಾವ್ಯಾಟ್ ಇತ್ತು. 2023ರಲ್ಲಿ ಅದು 10 ಲಕ್ಷ ಮೆಗಾವ್ಯಾಟ್ ದಾಟಿತು. ಗಾಳಿ ಸದಾ ಒಂದೇ ವೇಗದಲ್ಲಿ ಬೀಸುವುದಿಲ್ಲವಾದ್ದರಿಂದ ನಿಜವಾದ ಉತ್ಪಾದನೆ ಈ ಸಾಮರ್ಥ್ಯಕ್ಕಿಂತ ಬಹಳ ಕಡಿಮೆಯೆಂಬುದು ನಿಜ. ಆದರೂ ಈ ಬೆಳವಣಿಗೆ ಅಸಾಧಾರಣ. 1986ರಲ್ಲಿ ಕೆಲವೇ ಯಂತ್ರಗಳಿಂದ ಆರಂಭಿಸಿದ ಭಾರತ 2025ರಲ್ಲಿ 50,000 ಮೆಗಾವ್ಯಾಟ್ ತಲುಪಿತು. ಚಿತ್ರದುರ್ಗ, ಗದಗ ಸೀಮೆಗಳಲ್ಲಿ ತಿರುಗುವ ರೆಕ್ಕೆಗಳು ಈ ಚರಿತ್ರೆಯನ್ನು ನಮ್ಮ ಕಣ್ಣೆದುರಿಗೇ ತಂದಿವೆ.

ಸೀಸ್ತಾನದ ಗಾಳಿ ಇಂದಿಗೂ ನಿಂತಿಲ್ಲ. ಆದರೆ ಗಾಳಿಯಿಂದ ವಿದ್ಯುತ್ ಪಡೆಯುವ ವಿದ್ಯೆ ಬೆಳೆದದ್ದು ಒಬ್ಬ ಮೇಷ್ಟರು ಹಳ್ಳಿಯ ಹುಡುಗರಿಗೆ ಕಲಿಸಿ, ಆ ಹುಡುಗರು ಅದನ್ನು ಮುಂದುವರಿಸಿದ ನೆಲದಲ್ಲಿ. ನಮ್ಮ ಮದ್ರಸಗಳಲ್ಲಿ ಗಾಳಿಯ ಆ ವಚನವನ್ನು ಓದಿಸುವಾಗ, ಗಾಳಿ ಏಕೆ ಬೀಸುತ್ತದೆ, ರೆಕ್ಕೆ ಹೇಗೆ ತಿರುಗುತ್ತದೆ ಎಂಬುದನ್ನೂ ಮಕ್ಕಳಿಗೆ ತಿಳಿಸೋಣ. ಯಂತ್ರಗಳಿರುವ ಊರುಗಳಲ್ಲಿ ನಮ್ಮ ಯುವಕರು, ಯುವತಿಯರು ಅವುಗಳ ನಿರ್ವಹಣೆಯ ತರಬೇತಿ ಪಡೆಯಲು ಜಮಾಅತ್‌ಗಳು ನೆರವಾಗಲಿ. ಉಪಯುಕ್ತ ಜ್ಞಾನವನ್ನು ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹಿಸಲಿ, ಆಮೀನ್.