ತೋಳಿನ ಗುಂಡಿಯ ಪೂರ್ವೋತ್ತರ

ಕಳೆದ ಬೇಸಿಗೆಯ ಲಗ್ನವೊಂದರಲ್ಲಿ ಮದುಮಗನ ತೋಳಿನ ತುದಿಯಲ್ಲಿ ಮಿರುಗುತ್ತಿದ್ದ ಹೊಂಬಣ್ಣದ ಜೋಡಿಯೊಂದನ್ನು ಕಂಡು, ನಮ್ಮ ಶಾಲೆಯ ನಾಲ್ಕನೆಯ ಇಯತ್ತೆಯ ಬಾಲಕನೊಬ್ಬನು, “ಗುರುಗಳೇ, ಅದು ಗುಂಡಿಯೋ, ಒಡವೆಯೋ?” ಎಂದು ಕೇಳಿದನು. ಅದಕ್ಕೆ ಕಫ್‌ಲಿಂಕ್ ಎನ್ನುತ್ತಾರೆಂದು ಹೇಳಿ ಆ ಹೊತ್ತಿಗೆ ಪಾರಾದೆನು. ಆದರೆ ಹೆಸರು ಹೇಳಿದ ಮಾತ್ರಕ್ಕೆ ಪ್ರಶ್ನೆಗೆ ಉತ್ತರ ಸಂದಂತಾಗಲಿಲ್ಲ. ಈ ಲೇಖನವು ಆ ಬಾಲಕನಿಗೆ ನಾನು ತೀರಿಸಬೇಕಾದ ಬಾಕಿ.

ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಸಿರಿವಂತರ ಅಂಗಿಯ ತೋಳುಗಳು ನೆರಿಗೆನೆರಿಗೆಯಾಗಿ ಮಣಿಕಟ್ಟಿನ ಮೇಲೆ ಇಳಿಬೀಳುತ್ತಿದ್ದವು. ಅವನ್ನು ಬಿಗಿಯಲು ಮೊದಲು ಬಳಕೆಯಲ್ಲಿದ್ದುದು ದಾರ ಇಲ್ಲವೆ ರಿಬ್ಬನ್ನು. ನಮ್ಮ ಹಳೆಯ ಅಂಗಿಗಳ ಕಸೆಯಂತಹದೇ. ಆ ಶತಮಾನದ ಉತ್ತರಾರ್ಧದಲ್ಲಿ ಎರಡು ಗುಂಡಿಗಳನ್ನು ಗಿಡ್ಡ ಕೊಂಡಿಯಿಂದ ಜೋಡಿಸಿ, ತೋಳಪಟ್ಟಿಯ ಕಾಜಗಳಲ್ಲಿ ತೂರಿಸುವ ಪದ್ಧತಿ ಬೆಳೆಯಿತು. ಇಂಗ್ಲೆಂಡಿನ ಹೊಲಗಳಲ್ಲಿ ಇಂದಿಗೂ ಆ ಕಾಲದ ಬೆಳ್ಳಿಯ ತೋಳಗುಂಡಿಗಳು ದೊರೆಯುವುದುಂಟು. ಕೆಲವುಗಳ ಮೇಲೆ ಎರಡು ಹೃದಯಗಳೂ ಅವುಗಳ ಮೇಲೊಂದು ಕಿರೀಟವೂ ಅಚ್ಚಾಗಿರುತ್ತವೆ. 1662ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯು ಪೋರ್ತುಗಲ್ಲಿನ ರಾಜಪುತ್ರಿ ಕ್ಯಾಥರೀನಳನ್ನು ವರಿಸಿದುದರ ನೆನಪಿಗೆ ಇವು ಹುಟ್ಟಿದುವೆಂದು ಬಲ್ಲವರು ಹೇಳುತ್ತಾರೆ. ಆ ಲಗ್ನ ನಮಗೆ ದೂರದ್ದಲ್ಲ. ಮುಂಬಯಿಯು ವರದಕ್ಷಿಣೆಯಾಗಿ ಇಂಗ್ಲಿಷ್ ದೊರೆಗೆ ಸಂದುದು ಅದೇ ಲಗ್ನದಲ್ಲಿ. 1668ರಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮುಂದೆ ನಮ್ಮ ಸೊಲ್ಲಾಪುರವನ್ನೂ ಒಳಗೊಂಡ ಮುಂಬಯಿ ಇಲಾಖೆಯ ಬೀಜ ಬಿದ್ದುದು ಹೀಗೆ. ಪಾಠದಲ್ಲಿ ಒಂದು ಸಾಲಿಗೆ ಮುಗಿಯುವ ಈ ಸಂಗತಿಯನ್ನು ಆ ಗುಂಡಿಯ ಚಿತ್ರ ತೋರಿಸಿ ಹೇಳಿದರೆ ಹುಡುಗರು ಮರೆಯಲಾರರೆಂದು ನನ್ನ ನಂಬುಗೆ.

ಅಲ್ಲಿಂದ ಮುಂದೆ ನೂರು ವರುಷ ಇದು ಅರಮನೆಯವರ ಮತ್ತು ಜಮೀನುದಾರರ ಸೊತ್ತಾಗಿಯೇ ಉಳಿಯಿತು. ಇದನ್ನು ಕೆಳಗಿಳಿಸಿದುದು ಬರ್ಮಿಂಗ್‌ಹ್ಯಾಮ್ ನಗರದ ಕಾರಖಾನೆಗಳು. 1840ರಲ್ಲಿ ಆ ಊರಿನ ಎಲ್ಕಿಂಗ್‌ಟನ್ ಮನೆತನದವರು ವಿದ್ಯುತ್ತಿನಿಂದ ಲೋಹಕ್ಕೆ ಚಿನ್ನಬೆಳ್ಳಿಯ ಲೇಪ ಕೊಡುವ ಕ್ರಮಕ್ಕೆ ಹಕ್ಕುಪತ್ರ ಪಡೆದರು. ಕಚೇರಿಯ ಗುಮಾಸ್ತನೂ ಮಿರುಗುವ ಗುಂಡಿ ತೊಡುವಂತಾಯಿತು. ಅದೇ ಕಾಲದಲ್ಲಿ ತೋಳಪಟ್ಟಿಗೆ ಗಂಜಿ ಹಾಕಿ ಹಲಗೆಯಂತೆ ಬಿರುಸುಗೊಳಿಸುವ ರೂಢಿಯೂ ಬಲಿಯಿತು. ಅಂತಹ ಬಿರುಸಾದ ಪಟ್ಟಿಗೆ ಹೊಲಿದ ಗುಂಡಿ ನಿಲ್ಲುವುದು ಕಷ್ಟ. ಕೊಂಡಿಯ ಗುಂಡಿಯೇ ಬೇಕು. ಬಿಳಿಯ ಬಿರುಸು ತೋಳು ಎಂದರೆ ‘ಈತನು ಕೈಕೆಸರು ಮಾಡಿಕೊಳ್ಳುವವನಲ್ಲ’ ಎಂಬ ಸಾರೋಣವೂ ಆಗಿತ್ತು.

ಹಾಗಾದರೆ ಕೈಕೆಸರು ಮಾಡಿಕೊಂಡವರು ಯಾರು? ಅಮೇರಿಕೆಯ ನ್ಯೂಯಾರ್ಕ್ ಸಂಸ್ಥಾನದಲ್ಲಿ ಟ್ರಾಯ್ ಎಂಬ ಊರಿದೆ. ಅಲ್ಲಿ 1827ರ ಸುಮಾರಿಗೆ ಹ್ಯಾನಾ ಮಾಂಟೆಗ್ಯೂ ಎಂಬ ಗೃಹಿಣಿಯು, ಗಂಡನ ಕಾಲರಿನ ಕೊಳೆಗಾಗಿ ಇಡೀ ಅಂಗಿಯನ್ನು ಒಗೆಯುವುದು ಬೇಸರವಾಗಿ, ಕಾಲರನ್ನೇ ಕತ್ತರಿಸಿ ಬೇರೆ ಮಾಡಿದಳೆಂದು ಪ್ರತೀತಿ. ಕಾಲರಿನ ಹಿಂದೆಯೇ ಬಿಚ್ಚಿ ತೊಡುವ ತೋಳಪಟ್ಟಿಯೂ ಬಂದಿತು. ಆ ಊರು ‘ಕಾಲರಿನ ಪಟ್ಟಣ’ವೆಂದು ಹೆಸರಾಯಿತು. ಗಂಡಸರ ಈ ಠೀವಿಗಾಗಿ ಅಲ್ಲಿಯ ಹೆಂಗಸರು ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ತಾಸು ಕುದಿಯುವ ನೀರು, ಚಲುವೆಯ ಕ್ಷಾರ, ಕಾದ ಇಸ್ತ್ರಿಗಳ ನಡುವೆ ನಿಂತು ದುಡಿಯುತ್ತಿದ್ದರು. ವಾರಕ್ಕೆ ಸಿಗುತ್ತಿದ್ದುದು ಮೂರೋ ನಾಲ್ಕೋ ಡಾಲರು. ಮಡಿವಾಳ ಮಾಚಯ್ಯನನ್ನು ಶರಣನೆಂದು ವಂದಿಸುವ ನಾಡಿನವರಾದ ನಮಗೆ ಈ ಕಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1864ರ ಫೆಬ್ರುವರಿಯಲ್ಲಿ ಕೇಟ್ ಮಲೇನಿ ಎಂಬ ಐರಿಷ್ ತರುಣಿಯು ಈ ಅಗಸಗಿತ್ತಿಯರ ಸಂಘವೊಂದನ್ನು ಕಟ್ಟಿದಳು. ಸುಮಾರು ಮುನ್ನೂರು ಹೆಂಗಸರು ಕೆಲಸ ಬಿಟ್ಟು ಹೊರಬಂದರು. ವಾರ ತುಂಬುವುದರೊಳಗೆ ಧಣಿಗಳು ಮಣಿದು ಕೂಲಿಯನ್ನು ಕಾಲುಭಾಗದಷ್ಟು ಏರಿಸಿದರು. ಆದರೆ 1869ರ ಮುಷ್ಕರದಲ್ಲಿ ಸಂಘವು ಸೋತಿತು. ಆ ವೇಳೆಗೆ ಕಾಗದದ ಕಾಲರುಗಳು ಪೇಟೆಗೆ ಬಂದಿದ್ದವು; ಒಗೆಯುವ ಗೋಜೇ ಇಲ್ಲದ ಮೇಲೆ ಒಗೆಯುವವರ ಮಾತಿಗೆ ಬೆಲೆ ಎಲ್ಲಿಯದು? ಕೇಟಳ ಮನೆಯನ್ನು 1998ರಲ್ಲಿ ಅಮೇರಿಕೆಯ ರಾಷ್ಟ್ರೀಯ ಸ್ಮಾರಕವೆಂದು ಸಾರಲಾಯಿತು.

ಮೊದಲನೆಯ ಮಹಾಯುದ್ಧದ ತರುವಾಯ ಮೆತ್ತನೆಯ ಅಂಗಿಗಳು ಬಂದು, ಹೊಲಿದ ಗುಂಡಿಯೇ ಸಾಮಾನ್ಯವಾಯಿತು. ಕಫ್‌ಲಿಂಕ್ ಸಮಾರಂಭಗಳಿಗೆ ಸರಿಯಿತು. ಇಂದು ಅದನ್ನು ಆರಿಸುವವರು ಕೈಗಡಿಯಾರದ ಲೋಹಕ್ಕೆ ಹೊಂದುವಂತೆ ನೋಡುತ್ತಾರೆ. ಮಡಿಸಿದ ಪಟ್ಟಿಯ ಎರಡು ಅಂಚುಗಳನ್ನು ಒಂದರ ಮೇಲೊಂದು ಹೇರದೆ, ಕೈಮುಗಿದಂತೆ ಜೋಡಿಸಿ, ನಾಲ್ಕು ಕಾಜಗಳಲ್ಲಿಯೂ ಕೊಂಡಿಯನ್ನು ಹಾಯಿಸುವುದು ಸರಿಯಾದ ಕ್ರಮ; ಅಂದವಾದ ಮುಖವು ಹೊರಮಗ್ಗುಲಿಗಿರಬೇಕು. ವಜ್ರದ್ದಕ್ಕಿಂತ ನನಗೆ ಮೆಚ್ಚಿಕೆಯಾದುದು ಪ್ಯಾರಿಸಿನ ಶಾರ್ವೆ ಅಂಗಡಿಯವರು 1904ರಲ್ಲಿ ತಂದ ರೇಷ್ಮೆಯ ಗಂಟು. ಲೋಹದ ಸೋಂಕಿಲ್ಲ, ಬರಿಯ ಹೆಣೆದ ದಾರ. ದಾರದಿಂದ ಹೊರಟ ವಸ್ತುವು ಎರಡೂವರೆ ಶತಮಾನ ಸುತ್ತಿ ಮರಳಿ ದಾರಕ್ಕೇ ಬಂದಿತು!

ಇದನ್ನೆಲ್ಲ ಮೊನ್ನೆ ತರಗತಿಯಲ್ಲಿ ಹೇಳುತ್ತಿದ್ದೆನು. ಸಂಕ್ರಾಂತಿ ಹತ್ತಿರವಾಗಿತ್ತು, ಊರೆಲ್ಲ ಸಿದ್ಧರಾಮೇಶ್ವರನ ಜಾತ್ರೆಯ ಸಡಗರ. ನಂದಿಧ್ವಜ ಹೊರುವವರು ತೊಡುವ ಬಿಳಿಯ ಬಾರಾಬಂದಿಯನ್ನು ಬಲ್ಲಿರಷ್ಟೆ. ಹನ್ನೆರಡು ಕಟ್ಟುಗಳಿರುವುದರಿಂದ ಅದಕ್ಕೆ ಆ ಹೆಸರು. ಪ್ರಶ್ನೆ ಕೇಳಿದ ಬಾಲಕನು ಎದ್ದುನಿಂತು, “ಗುರುಗಳೇ, ನಮ್ಮಪ್ಪ ಬಾರಾಬಂದಿ ತೊಟ್ಟು ಧ್ವಜ ಹೊರುತ್ತಾನೆ. ಅದಕ್ಕೆ ಒಂದೂ ಗುಂಡಿಯಿಲ್ಲ. ಕಸೆ ಕಟ್ಟುವವಳು ನಮ್ಮವ್ವ” ಎಂದನು.